ಮೂರನೇ ಪದಕ್ಕೆ ಕೆಮ್ಮು ಬಂದ ವೀರ

ಇಲ್ಲಿ ಏನೂ ಬರೆಯದೆ ನಾಲ್ಕು ತಿಂಗಳಾಯ್ತು. ಆಫೀಸು, ರಿಲೀಸು, ಅದು ಇದು ಅಂತ ನೆವ ಹೇಳಬಹುದು. ನಿಜ ಏನಂದ್ರೆ, ಬರೆಯಬೇಕು ಅನ್ನಿಸ್ತಿದ್ದದ್ದು ಒಂದೇ ವಿಷಯ, ಅದನ್ನ ಬರೆಯೋಕೆ ಧೈರ್ಯ ಇರಲಿಲ್ಲ. ಇವತ್ತು ಭಾನುವಾರ. ಹೊರಗೆ ಮಳೆ, ಕರೆಂಟಿದೆ, ಲೋಟದಲ್ಲಿ ಕಾಫಿ ಇದೆ. ಒಂದು ಸಿನೆಮಾದ ಹೆಸರು ಹೇಳಿಕೊಂಡು ಶುರು ಮಾಡ್ತೀನಿ. ಆ ಸಿನೆಮಾ ನೋಡದೆ ಇದ್ದಿದ್ರೆ ಈ ವಿಷಯ ನನ್ನ ಬಾಯಿಂದ ಹೊರಗೆ ಬರ್ತಾನೇ ಇರಲಿಲ್ಲ.

ಸಿನೆಮಾ 'ಆರ್ಮಿ ಆಫ್ ಡಾರ್ಕ್‌ನೆಸ್'. 1992ರದ್ದು, ಅಂದ್ರೆ ನಾನು ಹುಟ್ಟೋಕೆ ಮುಂಚಿನದು. ಅಮೆರಿಕದ ಥಿಯೇಟರುಗಳಿಗೆ ಬಂದದ್ದು 1993ರ ಫೆಬ್ರವರಿಯಲ್ಲಿ. ನಿರ್ದೇಶಕ ಸ್ಯಾಮ್ ರೈಮಿ. ಹೆಸರು ಗೊತ್ತಾಗಲಿಲ್ಲ ಅಂದ್ರೆ, 2002ರ 'ಸ್ಪೈಡರ್ ಮ್ಯಾನ್' ನೆನಪು ಮಾಡಿಕೊಳ್ಳಿ, ಅದೇ ಮನುಷ್ಯ. ನಾಯಕ ಬ್ರೂಸ್ ಕ್ಯಾಂಪ್‌ಬೆಲ್. ಗದ್ದ ಇದೆಯಲ್ಲ, ಅದಕ್ಕೇ ಬೇರೆ ಸಂಬಳ ಕೊಡಬಹುದು, ಅಷ್ಟು ದೊಡ್ಡದು :-)

ಇದು ಮೂರನೇ ಭಾಗ. ಮೊದಲನೆಯದು 'ದ ಈವಿಲ್ ಡೆಡ್', 1981. ಮಿಶಿಗನ್‌ನ ಹುಡುಗರು ಸೇರಿ ಮಾಡಿದ್ದು. ರೈಮಿ, ಕ್ಯಾಂಪ್‌ಬೆಲ್ ಇಬ್ಬರೂ ಹೈಸ್ಕೂಲಿನಿಂದ ಸ್ನೇಹಿತರು. ಸಿನೆಮಾಕ್ಕೆ ದುಡ್ಡು ಬೇಕಲ್ಲ, ಅದಕ್ಕೆ 1978ರಲ್ಲಿ ಸೂಪರ್ 8 ಫಿಲ್ಮಿನಲ್ಲಿ 'ವಿಥಿನ್ ದ ವುಡ್ಸ್' ಅಂತ ಒಂದು ಚಿಕ್ಕ ಸಿನೆಮಾ ಮಾಡಿ, ಹಲ್ಲಿನ ಡಾಕ್ಟರುಗಳಿಗೆ, ವಕೀಲರಿಗೆ ತೋರಿಸಿ ಚಂದಾ ಎತ್ತಿದ್ರು. ನಮ್ಮೂರಲ್ಲಿ ಗಣಪತಿ ಇಡೋಕೆ ರಸೀದಿ ಪುಸ್ತಕ ಹಿಡ್ಕೊಂಡು ಮನೆಮನೆಗೆ ಹೋಗ್ತೀವಲ್ಲ, ಹಾಗೆ. ಟೆನ್ನೆಸ್ಸಿಯ ಕಾಡಿನ ಒಂದು ಹಳೇ ಮನೆಯಲ್ಲಿ, ಚಳಿಗಾಲದಲ್ಲಿ ಶೂಟಿಂಗ್ ಶುರು ಮಾಡಿದಾಗ ರೈಮಿಗೆ 20 ವರ್ಷ. ನಾನು ಆ ವಯಸ್ಸಲ್ಲಿ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ರೆಕಾರ್ಡನ್ನ ಪಕ್ಕದವನದ್ದು ನೋಡಿ ಬರೀತಿದ್ದೆ.

ಆ ಚಿತ್ರವನ್ನ 1982ರಲ್ಲಿ ಕಾನ್‌ನಲ್ಲಿ ನೋಡಿದ ಸ್ಟೀಫನ್ ಕಿಂಗ್ ಹೊಗಳಿ ಬರೆದ್ರು, ಅಲ್ಲಿಂದ ಅದರ ಅದೃಷ್ಟ ತಿರುಗಿತು. ಎರಡನೇ ಭಾಗ 1987ರಲ್ಲಿ. ಅದಕ್ಕೆ ದುಡ್ಡು ಹಾಕಿದ ಡಿನೋ ಡಿ ಲಾರೆಂಟಿಸ್‌ಗೆ ಶಿಫಾರಸು ಮಾಡಿದ್ದೂ ಕಿಂಗ್ ಅವರೇ. ಮೊದಲ ಭಾಗ ಶುದ್ಧ ಭಯ. ಎರಡನೆಯದು ಅರ್ಧ ಭಯ, ಅರ್ಧ ನಗು. ಆ್ಯಶ್ ಅನ್ನೋ ನಾಯಕನ ಸ್ವಂತ ಕೈಗೇ ಭೂತ ಹಿಡಿದು, ಅದು ಅವನ ತಲೆ ಮೇಲೆ ತಟ್ಟೆ ಒಡೆಯುತ್ತೆ. ಅವನು ಆ ಕೈಯನ್ನ ಕತ್ತರಿಸಿ, ಆ ಜಾಗಕ್ಕೆ ಮರ ಕುಯ್ಯೋ ಚೈನ್‌ಸಾ ಸಿಕ್ಕಿಸಿಕೊಳ್ತಾನೆ. ಕೊನೆಗೆ ಆಕಾಶದಲ್ಲಿ ಒಂದು ಸುಳಿ ತೆರೆದುಕೊಂಡು, ಅವನೂ ಅವನ ಹಳೇ ಓಲ್ಡ್ಸ್‌ಮೊಬೈಲ್ ಕಾರೂ ಸೀದಾ 1300ನೇ ಇಸವಿಗೆ ಹೋಗಿ ಬೀಳ್ತಾರೆ. ಅಲ್ಲಿಂದ ಮುಂದಿನ ಕಥೆಯೇ ಈ ಮೂರನೇ ಭಾಗ. ಕೋಟೆ, ಕತ್ತಿ, ಕುದುರೆ, ರಾಜರು, ಮಂತ್ರದ ಪುಸ್ತಕ, ನಡುವೆ ಒಬ್ಬ ಸೂಪರ್ ಮಾರ್ಕೆಟ್ಟಿನಲ್ಲಿ ಪಾತ್ರೆ ಪಡಗ ಮಾರೋ ಸೇಲ್ಸ್‌ಮನ್. ಜಪಾನಿನಲ್ಲಿ ಇದನ್ನ 'ಕ್ಯಾಪ್ಟನ್ ಸೂಪರ್ ಮಾರ್ಕೆಟ್' ಅಂತ ಹೆಸರಿಟ್ಟು ಬಿಡುಗಡೆ ಮಾಡಿದ್ರಂತೆ. ನನ್ನನ್ನ ಕೇಳಿದ್ರೆ ಅದೇ ಸರಿಯಾದ ಹೆಸರು.

ಇಷ್ಟೆಲ್ಲ ನನಗೆ ಗೊತ್ತಾಗಿದ್ದು ಒಬ್ಬ ಹುಡುಗನಿಂದ. ನಮ್ಮ ಟೀಮಿಗೆ ಹೊಸದಾಗಿ ಸೇರಿದ್ದ. ಸುಳ್ಯದ ಕಡೆಯವನು. ನನಗಿಂತ ಐದು ವರ್ಷ ಚಿಕ್ಕವನು. ಕೆಲಸ ಚುರುಕು, ಮಾತು ಕಮ್ಮಿ, ದೆವ್ವದ ಸಿನೆಮಾ ಅಂದ್ರೆ ಮಾತ್ರ ಬಾಯಿ ಮುಚ್ಚೋನಲ್ಲ. ಊಟದ ಹೊತ್ತಲ್ಲಿ ನಾನು ಯಾವುದೋ ಹೊಸ ಸೀರೀಸ್ ಬಗ್ಗೆ ಹೇಳಿದ್ರೆ, "ಅದೆಲ್ಲ ಎಂತದ್ದು ಮಾರಾಯ್ರೆ, ನೀವು ಆರ್ಮಿ ಆಫ್ ಡಾರ್ಕ್‌ನೆಸ್ ನೋಡಿದ್ದೀರಾ?" ಅಂತ ಕೇಳ್ತಿದ್ದ. ಇಲ್ಲ ಅಂದ್ರೆ ಬೇಜಾರಾಗ್ತಿದ್ದ. ಯಾವಾಗಾದರೂ ಪಾಸ್‌ವರ್ಡ್ ತಪ್ಪು ಹೊಡೆದ್ರೆ "ಕ್ಲಾಟು ಬರಾಡಾ..." ಅಂತ ಹೇಳಿ ಕೆಮ್ತಿದ್ದ. ನಮಗ್ಯಾರಿಗೂ ಅರ್ಥ ಆಗ್ತಿರಲಿಲ್ಲ.

ಈಗ ವಿಷಯಕ್ಕೆ ಬರ್ತೀನಿ.

ಹೋದ ವರ್ಷ ಒಂದು ಗುರುವಾರ ರಾತ್ರಿ ನಮ್ಮದೊಂದು ರಿಲೀಸ್ ಇತ್ತು. ಡೇಟಾಬೇಸಿನಲ್ಲಿ ಒಂದಷ್ಟು ಬದಲಾವಣೆ. ಸ್ಕ್ರಿಪ್ಟ್ ಬರೆದದ್ದು, ಓಡಿಸಬೇಕಾದದ್ದು ಆ ಹುಡುಗ. ಅದಕ್ಕೆ ಮುಂಚಿನ ತಯಾರಿ ನನ್ನದು. ನಮ್ಮ ಚೆಕ್‌ಲಿಸ್ಟಿನಲ್ಲಿ ನನ್ನ ಹೆಸರಿನ ಮುಂದೆ ಮೂರೇ ಸಾಲು ಇತ್ತು. ಒಂದು, ಹಿನ್ನೆಲೆಯಲ್ಲಿ ಓಡ್ತಾ ಇರೋ ಕೆಲಸಗಳನ್ನ ನಿಲ್ಲಿಸೋದು. ಎರಡು, ಬ್ಯಾಕಪ್ ತಗೊಳ್ಳೋದು. ಮೂರು, ಆ ಬ್ಯಾಕಪ್ಪನ್ನ ಇನ್ನೊಂದು ಕಡೆ ಹಾಕಿ, ಸರಿಯಾಗಿ ತೆರೆದುಕೊಳ್ಳುತ್ತಾ ಅಂತ ನೋಡೋದು.

ಮೊದಲ ಎರಡು ಮಾಡಿದೆ. ಮೂರನೆಯದಕ್ಕೆ ಮುಕ್ಕಾಲು ಗಂಟೆ ಬೇಕು. ಆಗಲೇ ಹತ್ತೂಕಾಲು. ಹೊಟ್ಟೆ ಹಸೀತಿತ್ತು, ತರಿಸಿದ್ದ ಊಟ ಟೇಬಲ್ ಮೇಲೆ ತಣ್ಣಗಾಗ್ತಿತ್ತು. ಇಷ್ಟು ವರ್ಷದಲ್ಲಿ ಎಷ್ಟು ಸಲ ಮಾಡಿಲ್ಲ, ಒಂದು ಸಲಾನಾದ್ರೂ ಕೈ ಕೊಟ್ಟಿದೆಯಾ? ಫೈಲಿನ ಹೆಸರು ಕಾಣಿಸ್ತು, ಸಾಕು ಅನ್ನಿಸ್ತು. ಮೂರಕ್ಕೂ ಟಿಕ್ ಹಾಕಿ, "ಆಯ್ತು, ನೀನು ಓಡಿಸು" ಅಂತ ಮೆಸೇಜ್ ಹಾಕಿದೆ.

ಅವನು ಓಡಿಸಿದ. ಸ್ಕ್ರಿಪ್ಟಿನಲ್ಲಿ ಒಂದು ಷರತ್ತು ಬಿಟ್ಟುಹೋಗಿತ್ತು. ಮುಟ್ಟಬಾರದಿದ್ದ ಸಾಲುಗಳೂ ಅಳಿಸಿಹೋದವು. ಅದು ಅವನ ತಪ್ಪು, ಇಲ್ಲ ಅನ್ನಲ್ಲ. ಆ ಸ್ಕ್ರಿಪ್ಟನ್ನ ಓದಿ ಸರಿ ಇದೆ ಅಂತ ಒಪ್ಪಿಗೆ ಕೊಟ್ಟವನು ನಾನು, ಅದೂ ಇದೆ. ಆದರೆ ಇಂಥ ತಪ್ಪು ಆಗುತ್ತೆ ಅಂತಾನೇ ಅಲ್ವಾ ಬ್ಯಾಕಪ್ ಅಂತ ಒಂದು ಇರೋದು? ತೆರೆದು ನೋಡಿದ್ರೆ ಬ್ಯಾಕಪ್ ಅರ್ಧಕ್ಕೇ ನಿಂತಿತ್ತು. ಡಿಸ್ಕ್ ತುಂಬಿತ್ತು. ಫೈಲಿನ ಹೆಸರಿತ್ತು, ಒಳಗೆ ಬೇಕಾದದ್ದು ಇರಲಿಲ್ಲ.

ಹಿಂದಿನ ರಾತ್ರಿಯ ಇನ್ನೊಂದು ಪ್ರತಿ ಬೇರೆ ಕಡೆ ಇತ್ತು, ಪುಣ್ಯಕ್ಕೆ. ಒಂದು ಇಡೀ ದಿನದ ಆರ್ಡರುಗಳನ್ನ ಮಾತ್ರ ಲಾಗುಗಳಿಂದ ಒಂದೊಂದಾಗಿ ಹೆಕ್ಕಿ ತೆಗೀಬೇಕಾಯ್ತು. ಶುಕ್ರವಾರ ಬೆಳಗಿನ ಜಾವದಿಂದ ಶನಿವಾರ ಮಧ್ಯಾಹ್ನದವರೆಗೂ ಆರು ಜನ ಕೂತು ಮಾಡಿದ್ವಿ. ಜಾಸ್ತಿ ಮಾಡಿದ್ದು ಅವನೇ.

ಶುಕ್ರವಾರ ಹನ್ನೊಂದಕ್ಕೆ ಮೀಟಿಂಗ್ ಕರೆದ್ರು. ಸ್ಕ್ರಿಪ್ಟ್ ಓಡಿಸಿದ್ದು ಯಾರು? "ನಾನು" ಅಂದ ಅವನು. ಬ್ಯಾಕಪ್ ಚೆಕ್ ಮಾಡಿತ್ತಾ? ಒಂದೆರಡು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ನಾನು ಹೇಳಿದೆ:

"ಬೇಸಿಕಲಿ... ಹೌದು."

ಅಷ್ಟೇ. ಮುಂದೆ ಯಾರೂ ಕೇಳಲಿಲ್ಲ. ಅಷ್ಟು ವರ್ಷ ಕೆಲಸ ಮಾಡಿದವನ ಮಾತಿಗೆ ಅಷ್ಟು ಬೆಲೆ ಇರುತ್ತೆ. ಬ್ಯಾಕಪ್ ಆಮೇಲೆ ಯಾಕೋ ಕೆಟ್ಟಿರಬೇಕು ಅಂತ ಎಲ್ಲರೂ ಅಂದುಕೊಂಡ್ರು, ಮಾತು ಪೂರ್ತಿ ಸ್ಕ್ರಿಪ್ಟಿನ ಕಡೆ ತಿರುಗಿತು. ಸಂಜೆ ಮ್ಯಾನೇಜರ್ ನನ್ನೊಬ್ಬನನ್ನೇ ಕರೆದು, ಈ ಹುಡುಗನ ಕನ್ಫರ್ಮೇಶನ್ ಈ ತಿಂಗಳು ಬೇಡ, ಸ್ವಲ್ಪ ನೋಡೋಣ ಅಂದ್ರು. ನಾನು ತಲೆ ಆಡಿಸಿದೆ. ಈಗಲೂ ಅದನ್ನ ನೆನೆಸಿಕೊಂಡ್ರೆ ಕುತ್ತಿಗೆ ನೋಯುತ್ತೆ.

ಶನಿವಾರ ಮಧ್ಯಾಹ್ನ ಕೆಲಸ ಮುಗೀತು. ಅವನು, "ಇವತ್ತು ರಾತ್ರಿ ರೂಮಿಗೆ ಬನ್ನಿ ಮಾರಾಯ್ರೆ, ಆ ಸಿನೆಮಾ ಹಾಕುವ. ತಲೆ ಹಾಳಾಗಿದೆ" ಅಂದ. ಇಲ್ಲ ಅನ್ನೋಕೆ ನನಗೆ ಕಾರಣ ಸಿಗಲಿಲ್ಲ.

ಮಾರತ್ತಹಳ್ಳಿಯ ಪೀಜಿ ರೂಮು. ಎರಡು ಮಂಚದ ನಡುವೆ ಒಂದು ಪ್ಲಾಸ್ಟಿಕ್ ಸ್ಟೂಲು, ಅದರ ಮೇಲೆ ಲ್ಯಾಪ್‌ಟಾಪು. ಊರಿಂದ ಅವನಮ್ಮ ಕಳಿಸಿದ್ದ ಹಲಸಿನ ಹಪ್ಪಳ, ಕೆಳಗಿನ ಅಂಗಡಿಯಿಂದ ತಂದ ಎಗ್ ಪಫ್ಸು. ಲೈಟ್ ಆಫ್ ಮಾಡಿದ.

ಸಿನೆಮಾ ಶುರುವಾಗೋದೇ ಆ್ಯಶ್‌ನ ಕುತ್ತಿಗೆಗೆ ಮರದ ನೊಗದಂಥದ್ದು ಹಾಕಿ, ಕೈದಿಗಳ ಜೊತೆ ಎಳ್ಕೊಂಡು ಹೋಗೋದರಿಂದ. ಎರಡನೇ ಭಾಗದ ಕೊನೆಯಲ್ಲಿ ಜನ ಅವನನ್ನ ವೀರ ಅಂತ ಜೈಕಾರ ಹಾಕಿದ್ರು; ಇಲ್ಲಿ ಅದನ್ನೆಲ್ಲ ಮರೆತು, ಶತ್ರು ಕಡೆಯವನು ಅಂತ ಹಿಡಿದುಹಾಕ್ತಾರೆ. ರೈಮಿಗೆ ಹಿಂದಿನ ಭಾಗದ ಕಥೆ ಸರಿಯಾಗಿ ಕೂಡಬೇಕು ಅನ್ನೋ ಚಿಂತೆಯೇ ಇಲ್ಲ. ಪ್ರೇತ ಇರೋ ಹಳ್ಳಕ್ಕೆ ಅವನನ್ನ ನೂಕ್ತಾರೆ. ಮೇಲಿಂದ ಒಬ್ಬ ಮುದುಕ ಪಂಡಿತ ಚೈನ್‌ಸಾ ಎಸೀತಾನೆ. ಆ್ಯಶ್ ಹಾರಿ, ಗಾಳಿಯಲ್ಲೇ ಅದನ್ನ ಮೊಂಡುಗೈಗೆ ಸಿಕ್ಕಿಸಿಕೊಳ್ತಾನೆ. ಆ ಒಂದು ಹೊಡೆತಕ್ಕೇ ನಾನು ಎಲ್ಲ ಮರೆತು ಶಿಳ್ಳೆ ಹಾಕಿದೆ. ನಮ್ಮ ಹಳೇ ಸಿನೆಮಾಗಳಲ್ಲಿ ಹೀರೋಗೆ ಕತ್ತಿ ಎಸೆಯೋ ಸೀನು ಹೇಗೋ ಹಾಗೆ.

ಮೇಲೆ ಬಂದವನು ಡಬಲ್ ಬ್ಯಾರೆಲ್ ಬಂದೂಕು ತೋರಿಸಿ, ಜನರನ್ನೆಲ್ಲ ಹೆದರಿಸಿ, ಅದು ಯಾವ ಅಂಗಡಿಯಲ್ಲಿ ಸಿಗುತ್ತೆ ಅಂತ ಜಾಹೀರಾತನ್ನೂ ಕೊಡ್ತಾನೆ. ಸೇಲ್ಸ್‌ಮನ್ ಅಲ್ವಾ! ಅಹಂಕಾರ, ದೊಡ್ಡ ಬಾಯಿ, ಬುದ್ಧಿ ಕಮ್ಮಿ. ಅವನಿಗೆ ಬೇಕಾದದ್ದು ಒಂದೇ, ವಾಪಸ್ ಮನೆಗೆ ಹೋಗೋದು. ಅದಕ್ಕೆ ನೆಕ್ರೊನೊಮಿಕಾನ್ ಅನ್ನೋ ಪುಸ್ತಕ ಬೇಕು. ಅದು ದೂರದ ಸ್ಮಶಾನದಲ್ಲಿದೆ. ಅದನ್ನ ಎತ್ತಿಕೊಳ್ಳೋಕೆ ಮುಂಚೆ ಮೂರು ಪದ ಹೇಳಬೇಕು: ಕ್ಲಾಟು, ಬರಾಡಾ, ನಿಕ್ಟೋ. ಪಂಡಿತ ಇನ್ನೊಂದು ಸಲ ಹೇಳು ಅಂತಾನೆ. ಇವನಿಗೆ ಸಿಟ್ಟು, ನಂಗೆ ಗೊತ್ತಾಯ್ತು ಬಿಡಿ ಅನ್ನೋ ಧಾಟಿ. (ಈ ಪದಗಳು ರೈಮಿಯ ಸ್ವಂತದ್ದಲ್ಲ. 1951ರ 'ದ ಡೇ ದ ಅರ್ತ್ ಸ್ಟುಡ್ ಸ್ಟಿಲ್' ಸಿನೆಮಾದಲ್ಲಿ ರೋಬೋಟಿಗೆ ಹೇಳೋ ಮಾತು. ಅಲ್ಲೂ ಲೋಕ ಉಳಿಯೋದು ಆ ಪದಗಳನ್ನ ಸರಿಯಾಗಿ ಹೇಳಿದ್ದಕ್ಕೇ.)

ದಾರಿಯಲ್ಲಿ ಒಂದು ಗಾಳಿಗಿರಣಿ. ಅಲ್ಲಿ ಕನ್ನಡಿ ಒಡೆದು, ಅದರ ಒಂದೊಂದು ಚೂರಿನಿಂದ ಒಬ್ಬೊಬ್ಬ ಬೆರಳುದ್ದದ ಆ್ಯಶ್ ಇಳಿದು ಬಂದು, ಗಲಿವರನ ಕಥೆಯ ಹಾಗೆ ದೊಡ್ಡ ಆ್ಯಶ್‌ನ ಮೇಲೆ ದಾಳಿ ಮಾಡ್ತಾರೆ. ಒಬ್ಬ ಬಾಯೊಳಗೇ ಹಾರ್ತಾನೆ. ಅವನು ಒಳಗೆ ಬೆಳೆದು, ಭುಜದ ಮೇಲೆ ಇನ್ನೊಂದು ತಲೆಯಾಗಿ, ಕೊನೆಗೆ ಬೇರೆಯೇ ಆಗಿ ಕೆಟ್ಟ ಆ್ಯಶ್ ಆಗ್ತಾನೆ. ಒಳ್ಳೆಯವನು ಅವನಿಗೆ ಗುಂಡು ಹೊಡೆದು, ಚೈನ್‌ಸಾದಲ್ಲಿ ತುಂಡು ಮಾಡಿ, ಹೂತು, ಮೇಲೆ ಶಿಲುಬೆ ನೆಟ್ಟು ಹೋಗ್ತಾನೆ.

ಸ್ಮಶಾನ. ಮೂರು ಪುಸ್ತಕ. ಒಂದು ಒಳಗೆ ಎಳ್ಕೊಳ್ಳುತ್ತೆ, ಒಂದು ಕಚ್ಚುತ್ತೆ. ಕೊನೆಗೆ ಸರಿಯಾದ ಪುಸ್ತಕದ ಮುಂದೆ ನಿಂತು ಕ್ಲಾಟು ಅಂತಾನೆ. ಬರಾಡಾ ಅಂತಾನೆ. ಅದೂ ಅಲ್ಲಿಗಲ್ಲಿಗೆ. ಮೂರನೆಯದು... ಬರಲ್ಲ. ನೆಕ್‌ಟೈ? ನೆಕ್ಟರ್? ನಿಕ್ಕಲ್? ಅತ್ತ ಇತ್ತ ನೋಡ್ತಾನೆ, ಯಾರೂ ಇಲ್ಲ. ಆಗ ಜೋರಾಗಿ ಕೆಮ್ಮಿ, ಆ ಕೆಮ್ಮಿನೊಳಗೆ ಪದವನ್ನ ನುಂಗಿ, ಹೇಳಿಬಿಟ್ಟೆ ಅಂತ ಪುಸ್ತಕ ಎತ್ತಿಕೊಳ್ತಾನೆ.

ನೆಲ ಬಿರಿಯುತ್ತೆ. ಸತ್ತವರೆಲ್ಲ ಎದ್ದು ನಿಲ್ತಾರೆ.

ಹುಡುಗ ಹೊಟ್ಟೆ ಹಿಡ್ಕೊಂಡು ನಗ್ತಿದ್ದ. ನಾನೂ ನಕ್ಕೆ. ಆ ಕೆಮ್ಮು ಯಾಕೆ ಅಂತ ಇಷ್ಟು ತಿಂಗಳ ಮೇಲೆ ಗೊತ್ತಾಯ್ತಲ್ಲ!

ಆ್ಯಶ್ ಕೋಟೆಗೆ ವಾಪಸ್ ಬರ್ತಾನೆ. ಪಂಡಿತ ಕೇಳ್ತಾನೆ, ಪದಗಳನ್ನ ಸರಿಯಾಗಿ ಹೇಳಿದೆಯಾ? ಇವನು ಹೇಳ್ತಾನೆ, ಒಂದೊಂದು ಚಿಕ್ಕಪುಟ್ಟ ಅಕ್ಷರವನ್ನೂ ಹೇಳಿರಲಿಕ್ಕಿಲ್ಲ, ಆದರೆ ಬೇಸಿಕಲಿ, ಹೇಳಿದೆ.

ಬೇಸಿಕಲಿ! ಅದೇ ಪದ. ನಾನು ಮೀಟಿಂಗಿನಲ್ಲಿ ಹೇಳಿದ ಅದೇ ಪದ, ಅದೇ ರಾಗ. ಕೈಯಲ್ಲಿದ್ದ ಹಪ್ಪಳ ಕೈಯಲ್ಲೇ ಉಳೀತು. ಪಕ್ಕದಲ್ಲಿ ಅವನು ನಗ್ತಾನೇ ಇದ್ದ. ಕತ್ತಲಲ್ಲಿ ನನ್ನ ಮುಖ ಕಾಣಿಸ್ತಿರಲಿಲ್ಲ, ದೇವರು ದೊಡ್ಡವನು.

ಅಲ್ಲಿಂದ ಮುಂದಿನ ಸಿನೆಮಾವನ್ನ ನಾನು ಬೇರೆಯೇ ಥರ ನೋಡಿದೆ. ಆ್ಯಶ್ ಮೊದಲು ಹೇಳೋದು, ನಿಮ್ಮ ಪುಸ್ತಕ ತಂದಿದ್ದೀನಿ, ಒಪ್ಪಂದದ ಪ್ರಕಾರ ನನ್ನನ್ನ ಮನೆಗೆ ಕಳಿಸಿ ಅಂತ. ತನ್ನ ಕೆಮ್ಮಿನಿಂದ ಎದ್ದ ಸೈನ್ಯ ಬರ್ತಾ ಇದೆ, ಕೋಟೆಯಲ್ಲಿ ಹೆಂಗಸರು ಮಕ್ಕಳಿದ್ದಾರೆ, ಇವನಿಗೆ ಮನೆಗೆ ಹೋಗಬೇಕು. ಅವನನ್ನ ಪ್ರೀತಿಸಿದ ಶೀಲಾಳನ್ನ ಒಂದು ಹಾರೋ ಪ್ರೇತ ಕಣ್ಣೆದುರೇ ಹೊತ್ತುಕೊಂಡು ಹೋದಮೇಲೆ ಮಾತ್ರ ಅವನು ನಿಲ್ತಾನೆ. ಒಳ್ಳೆತನದಿಂದ ನಿಂತಿದ್ದಲ್ಲ. ಹೋಗೋಕೆ ಆಗದೆ ನಿಂತಿದ್ದು. ಆದರೂ ನಿಂತ.

ನಿಂತಮೇಲೆ ಮಾಡೋ ಕೆಲಸ ನೋಡಬೇಕು. ಕಾರಿನ ಡಿಕ್ಕಿ ತೆಗೆದ್ರೆ ಒಳಗೆ ಕೆಮಿಸ್ಟ್ರಿ ಪುಸ್ತಕ. ಅದನ್ನ ನೋಡಿಕೊಂಡು ಮದ್ದಿನ ಪುಡಿ ಮಾಡಿಸ್ತಾನೆ. ರೈತರ ಕೈಗೆ ಈಟಿ ಕೊಟ್ಟು ಡ್ರಿಲ್ ಹೇಳಿಕೊಡ್ತಾನೆ. ಆ ಓಲ್ಡ್ಸ್‌ಮೊಬೈಲ್‌ಗೆ ತಿರುಗೋ ಕತ್ತಿ ಕಟ್ಟಿ ಯುದ್ಧದ ರಥ ಮಾಡ್ತಾನೆ. (ಅಂದ ಹಾಗೆ ಆ 1973ರ ಡೆಲ್ಟಾ 88 ರೈಮಿಯ ಸ್ವಂತ ಕಾರು. ಅವನ ಬೇರೆ ಸಿನೆಮಾಗಳಲ್ಲೂ ತಲೆ ಹಾಕುತ್ತೆ. 'ಸ್ಪೈಡರ್ ಮ್ಯಾನ್'ನಲ್ಲಿ ಬೆನ್ ಅಂಕಲ್ ಓಡಿಸೋದು ಅದನ್ನೇ.) ಆಧುನಿಕ ಮನುಷ್ಯ ಹಳೇ ಕಾಲಕ್ಕೆ ಹೋಗಿ ತನ್ನ ವಿದ್ಯೆಯಿಂದ ಮೆರೆಯೋ ಕಥೆ ಹೊಸದಲ್ಲ, ಮಾರ್ಕ್ ಟ್ವೇನ್ 1889ರಲ್ಲೇ ಕನೆಕ್ಟಿಕಟ್‌ನ ಒಬ್ಬನನ್ನ ಆರ್ಥರ್ ರಾಜನ ಆಸ್ಥಾನಕ್ಕೆ ಕಳಿಸಿದ್ದ. ಇಲ್ಲಿನ ರಾಜನ ಹೆಸರೂ ಆರ್ಥರ್ರೇ. ಆದರೆ ಟ್ವೇನ್‌ನ ನಾಯಕ ಬುದ್ಧಿವಂತ, ಕೈ ಇಟ್ಟ ಕೆಲಸ ಬಲ್ಲವನು. ಆ್ಯಶ್ ಪುಸ್ತಕ ನೋಡಿ ಮಾಡೋನು.

ನಾನೇನಾದ್ರೂ 1300ಕ್ಕೆ ಹೋಗಿ ಬಿದ್ದಿದ್ರೆ? ನಾನು ಅರಸೀಕೆರೆ ಕಡೆಯವನು, ಅಲ್ಲಾಗ ಹೊಯ್ಸಳ ಮುಮ್ಮಡಿ ಬಲ್ಲಾಳ ಆಳ್ತಿದ್ದ. ಹಳೇಬೀಡಿನ ದರಬಾರಿನಲ್ಲಿ ನಿಂತು ಏನು ಹೇಳ್ತಿದ್ದೆ? ಇಂಜಿನಿಯರ್ ಸ್ವಾಮಿ, ಬ್ಯಾಕಪ್ ತಗೊಳ್ತೀನಿ, ತೆರೆದು ನೋಡಲ್ಲ ಅಂತಲಾ? ಗಂಧಕ, ಇದ್ದಿಲು, ಪೆಟ್ಲುಪ್ಪು ಮೂರೂ ಸೇರಿದ್ರೆ ಮದ್ದಾಗುತ್ತೆ ಅಂತ ಗೊತ್ತು. ಯಾವುದು ಎಷ್ಟು ಅಂತ ಕೇಳಿದ್ರೆ ನನಗೂ ಕೆಮ್ಮೇ ಬರೋದು.

ಯುದ್ಧದ ಭಾಗ ಒಂದು ಜಾತ್ರೆ. ಅಸ್ಥಿಪಂಜರಗಳು ಕೊಳಲು, ತಮಟೆ ಬಾರಿಸಿಕೊಂಡು ಬರ್ತವೆ. ಮೂಳೆಯನ್ನೇ ಕೊಳಲು ಮಾಡಿಕೊಂಡದ್ದೂ ಇದೆ. ಹಿಂದೆ ಬರೋ ಕವಾಯತಿನ ಸಂಗೀತ ಡ್ಯಾನಿ ಎಲ್ಫ್‌ಮನ್ ಮಾಡಿದ್ದು, ಉಳಿದ ಸಂಗೀತ ಜೋಸೆಫ್ ಲೊಡೂಕಾ. ಕಂಪ್ಯೂಟರಿನಲ್ಲಿ ಸೈನ್ಯ ಹುಟ್ಟಿಸೋ ಕಾಲ ಇನ್ನೂ ಬಂದಿರಲಿಲ್ಲ. ಕೆಲವು ಅಸ್ಥಿಪಂಜರಗಳು ಕೋಲಿಗೆ, ತಂತಿಗೆ ಕಟ್ಟಿದ ಗೊಂಬೆಗಳು, ಕೆಲವು ಉಡುಪು ಹಾಕಿದ ಮನುಷ್ಯರು, ಕೆಲವು ಸ್ಟಾಪ್ ಮೋಶನ್, ಅಂದ್ರೆ ಗೊಂಬೆಯನ್ನ ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ, ಮತ್ತೆ ಸರಿಸಿ ಇನ್ನೊಂದು ಫೋಟೋ. ಈ ವಿದ್ಯೆಯ ಗುರು ರೇ ಹ್ಯಾರಿಹೌಸನ್. 1963ರ 'ಜೇಸನ್ ಆ್ಯಂಡ್ ದ ಆರ್ಗೊನಾಟ್ಸ್'ನಲ್ಲಿ ಏಳು ಅಸ್ಥಿಪಂಜರಗಳ ಕತ್ತಿವರಸೆ ಮಾಡಿದವರು. ಕೆಲವೇ ನಿಮಿಷದ ಆ ದೃಶ್ಯಕ್ಕೆ ನಾಲ್ಕೂವರೆ ತಿಂಗಳು ಹಿಡಿದಿತ್ತು. ಒಂದೇ ಒಂದು ಗೊಂಬೆಯ ಒಂದು ಕೈ ಮರೆತ್ರೂ ಇಡೀ ದೃಶ್ಯ ಕೆಡುತ್ತೆ. ರೈಮಿ ಅವರಿಗೆ ಇಲ್ಲಿ ಕೈ ಮುಗಿದಿದ್ದಾನೆ.

"ನಮ್ಮ ವಿಠಲಾಚಾರ್ಯರು ಇದನ್ನು ಇನ್ನೂ ಕಮ್ಮಿ ದುಡ್ಡಲ್ಲಿ ಮಾಡ್ತಿದ್ರು" ಅಂದ ಹುಡುಗ. ತೆಲುಗಿನಲ್ಲಿ ಜಾನಪದ ಸಿನೆಮಾ ಮಾಡಿ, ಭೂತ, ಅಸ್ಥಿಪಂಜರಗಳನ್ನ ಕುಣಿಸಿ ಹೆಸರಾದ ಬಿ. ವಿಠಲಾಚಾರ್ಯ ಉಡುಪಿ ಕಡೆಯವರು, ಅವನಿಗೆ ಅದೊಂದು ಹೆಮ್ಮೆ. ನಾನು ಹೂಂ ಅಂದೆ. ನನ್ನ ತಲೆ ಆ ಗೊಂಬೆ ಸರಿಸೋ ಕೆಲಸದಲ್ಲೇ ಸಿಕ್ಕಿಹಾಕಿಕೊಂಡಿತ್ತು. ತಲೆಬುಡ ಇಲ್ಲದ ತಮಾಷೆಯ ಸಿನೆಮಾ, ಆದರೆ ಮಾಡಿದವರು ಒಂದು ಹೆಜ್ಜೆಯನ್ನೂ ಬಿಟ್ಟಿಲ್ಲ. ಕೆಮ್ಮಿದ್ದು ಪಾತ್ರ ಮಾತ್ರ.

ಕೊನೆಯ ಬಗ್ಗೆ ಹೇಳಲೇಬೇಕು, ಯಾಕಂದ್ರೆ ಈ ಸಿನೆಮಾಗೆ ಎರಡು ಕೊನೆ ಇದೆ. ರೈಮಿ ಮೊದಲು ಮಾಡಿದ್ದರಲ್ಲಿ ಪಂಡಿತ ಒಂದು ಔಷಧಿ ಕೊಡ್ತಾನೆ, ಒಂದು ಹನಿಗೆ ಒಂದು ಶತಮಾನ ನಿದ್ದೆ. ಆ್ಯಶ್ ಗುಹೆಯೊಳಗೆ, ಕಾರಿನಲ್ಲಿ ಕೂತು ಹನಿ ಎಣಿಸ್ತಾನೆ. ನಡುವೆ ಗಮನ ಬೇರೆ ಕಡೆ ಹೋಗಿ ಒಂದು ಹನಿ ಜಾಸ್ತಿ ಆಗುತ್ತೆ. ಎದ್ದು ಹೊರಗೆ ಬಂದ್ರೆ ಮಾರುದ್ದ ಗಡ್ಡ, ಎದುರಿಗೆ ಹಾಳುಬಿದ್ದ ಲಂಡನ್, ಮನುಷ್ಯರ ಸುಳಿವೇ ಇಲ್ಲ. ಪರೀಕ್ಷೆಗೆ ಅಂತ ತೋರಿಸಿದಾಗ ಪ್ರೇಕ್ಷಕರಿಗೆ ಇದು ಹಿಡಿಸಲಿಲ್ಲ. ಯೂನಿವರ್ಸಲ್‌ನವರು ಬೇರೆ ಕೊನೆ ಬೇಕು ಅಂದ್ರು. ಹಾಗಾಗಿ ಥಿಯೇಟರಿಗೆ ಬಂದದ್ದರಲ್ಲಿ ಅವನು ತನ್ನ ಸೂಪರ್ ಮಾರ್ಕೆಟ್ಟಿಗೆ ವಾಪಸ್ ಬಂದು, ಜೊತೆಯವನಿಗೆ ಇಡೀ ಕಥೆ ಹೇಳ್ತಾ ಇರ್ತಾನೆ. ಆ ಜೊತೆಯವನ ಪಾತ್ರ ಮಾಡಿರೋನು ರೈಮಿಯ ತಮ್ಮ ಟೆಡ್. ಅಣ್ಣ ಐವನ್ ಕಥೆ ಬರೆಯೋದರಲ್ಲಿ ಪಾಲುದಾರ, ಅವನು ವೃತ್ತಿಯಲ್ಲಿ ಡಾಕ್ಟರ್. ಮನೆಮಂದಿಯೆಲ್ಲ ಸೇರಿ ಮಾಡಿದ ಸಿನೆಮಾ.

ಥಿಯೇಟರಿನದ್ದು 81 ನಿಮಿಷ, ನಿರ್ದೇಶಕನ ಪ್ರತಿ 96 ನಿಮಿಷ. ಅವತ್ತು ನಾವು ಥಿಯೇಟರಿನದ್ದು ನೋಡಿ, ಆಮೇಲೆ ಇನ್ನೊಂದರ ಕೊನೆಯನ್ನ ಮಾತ್ರ ಹಾಕಿಕೊಂಡು ನೋಡಿದ್ವಿ. ಯಾವುದು ಚೆಂದ ಅಂತ ಅಭಿಮಾನಿಗಳು ಈಗಲೂ ಕಿತ್ತಾಡ್ತಾರೆ. ಒಂದು ಕಣ್ಣೀರು, ಒಂದು ಕೇಕೆ. ಆದರೆ ನನಗೆ ಕಂಡದ್ದು ಬೇರೆ. ಎರಡರಲ್ಲೂ ಅವನು ಮಾಡೋದು ಅದೇ ತಪ್ಪು! ಒಂದರಲ್ಲಿ ಹನಿ ಎಣಿಸೋದು ತಪ್ತಾನೆ. ಇನ್ನೊಂದರಲ್ಲಿ, ಬರೋ ಮುಂಚೆ ಪದಗಳನ್ನ ಸರಿಯಾಗಿ ಹೇಳಿದೆಯಾ ಅಂತ ಜೊತೆಯವನು ಕೇಳಿದ್ರೆ, ಮತ್ತೆ ಅದೇ ಉತ್ತರ, ಬೇಸಿಕಲಿ ಹೇಳಿದೆ ಅಂತ. ಮರುಕ್ಷಣ ಒಂದು ಪ್ರೇತ ಅಂಗಡಿಯೊಳಗೇ ಎದ್ದು ನಿಲ್ಲುತ್ತೆ. ದುಡ್ಡು ಹಾಕಿದವರು ಸಿನೆಮಾದ ಕೊನೆ ಬದಲಾಯಿಸಿದ್ರು, ಮನುಷ್ಯನನ್ನ ಬದಲಾಯಿಸೋಕೆ ಅವರಿಗೂ ಆಗಲಿಲ್ಲ. ಅವನು ಕಲಿಯೋದೇ ಇಲ್ಲ. ಪುಣ್ಯಕ್ಕೆ ಈ ಸಲ ಪ್ರೇತ ಎದ್ದಾಗ, ನನ್ನನ್ನ ಮನೆಗೆ ಕಳಿಸಿ ಅಂತ ಕೇಳಲ್ಲ. ಬಂದೂಕು ಎತ್ಕೊಳ್ತಾನೆ.

ಸಿನೆಮಾ ಮುಗಿದಾಗ ರಾತ್ರಿ ಒಂದೂವರೆ. ಹುಡುಗ ಲೈಟ್ ಹಾಕಿ, "ಹೇಗುಂಟು?" ಅಂದ. ಚೆನ್ನಾಗಿದೆ ಅಂದೆ. ಇನ್ನೂ ಏನೋ ಹೇಳಬೇಕು ಅಂತ ಬಾಯಿವರೆಗೂ ಬಂತು. ಹೇಳಲಿಲ್ಲ. ಆಟೋ ಸಿಗಲಿಲ್ಲ ಅಂತ ಬೈಕೊಂಡು ನಡ್ಕೊಂಡು ಮನೆಗೆ ಹೋದೆ. ಭಾನುವಾರ ಪೂರ್ತಿ ಏನೂ ಮಾಡಲಿಲ್ಲ.

ಸೋಮವಾರ ಬೆಳಿಗ್ಗೆ ಮ್ಯಾನೇಜರ್ ಹತ್ರ ಹೋಗಿ, ಮೂರನೇ ಸಾಲು ನಾನು ಮಾಡಿರಲಿಲ್ಲ, ಟಿಕ್ ಮಾತ್ರ ಹಾಕಿದ್ದೆ ಅಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದ್ರು. "ಶುಕ್ರವಾರ ಯಾಕೆ ಹೇಳಲಿಲ್ಲ?" ಅಂತ ಕೇಳಿದ್ರು. ಆ ಪ್ರಶ್ನೆಗೆ ಇವತ್ತಿಗೂ ನನ್ನ ಹತ್ರ ಮರ್ಯಾದೆಯ ಉತ್ತರ ಇಲ್ಲ. ಆಮೇಲೆ ಮೀಟಿಂಗಿನಲ್ಲಿದ್ದ ಎಲ್ಲರಿಗೂ ಒಂದು ಮೇಲ್ ಬರೆದೆ. ನಾಲ್ಕೇ ಸಾಲು. ಬೇಸಿಕಲಿ ಅನ್ನೋ ಪದ ಇಲ್ಲದೆ ಬರೆಯೋಕೆ ಅರ್ಧ ಗಂಟೆ ಹಿಡೀತು.

ಆ ವರ್ಷದ ಬಡ್ತಿ ನನಗೆ ಬರಲಿಲ್ಲ. ಅದು ಸರಿಯೇ. ಹುಡುಗನ ಕನ್ಫರ್ಮೇಶನ್ ಒಂದು ತಿಂಗಳು ತಡವಾಗಿ ಬಂತು. ಆ ಒಂದು ತಿಂಗಳು ನನ್ನ ಲೆಕ್ಕಕ್ಕೆ.

ಅವತ್ತು ಸಂಜೆ ಅವನನ್ನ ಕೆಳಗೆ ಟೀ ಕುಡಿಯೋಕೆ ಕರ್ಕೊಂಡು ಹೋಗಿ ಕ್ಷಮೆ ಕೇಳಿದೆ. ಅವನು ಲೋಟ ನೋಡ್ತಾ, "ನನಗೆ ಗೊತ್ತಿತ್ತು. ಶುಕ್ರವಾರವೇ ಲಾಗ್ ನೋಡಿದ್ದೆ. ಬ್ಯಾಕಪ್ ತೆರೆದ ಗುರುತೇ ಇರ್ಲಿಲ್ಲ" ಅಂದ.

"ಮತ್ತೆ ಯಾಕೋ ಹೇಳ್ಲಿಲ್ಲ?"

"ನೀವು ಹೇಳ್ತೀರಿ ಅಂತ ಕಾದೆ."

ಸಿನೆಮಾನ ಬೇಕಂತಲೇ ತೋರಿಸಿದ್ಯಾ ಅಂತ ಕೇಳಿದೆ. "ಇಲ್ಲ ಮಾರಾಯ್ರೆ. ಬೇಜಾರಾದಾಗೆಲ್ಲ ನಾನು ಅದನ್ನೇ ನೋಡುವುದು" ಅಂದ. ಬೇಕಂತಲೇ ತೋರಿಸಿದೆ ಅಂದಿದ್ರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲ.

ಈಗ ಅವನು ಬೇರೆ ಕಂಪನಿಯಲ್ಲಿದ್ದಾನೆ. ಒಳ್ಳೇ ಸಂಬಳ. ಆಗಾಗ ಮೆಸೇಜ್ ಮಾಡ್ತಾನೆ, ಹೆಚ್ಚಾಗಿ ಯಾವುದಾದ್ರೂ ದೆವ್ವದ ಸಿನೆಮಾದ ಹೆಸರು. ನಾನು ಅದೇ ಕಡೆ ಇದ್ದೀನಿ. ಬ್ಯಾಕಪ್ ತೆರೆದು ನೋಡ್ತೀನಿ, ಮುಕ್ಕಾಲು ಗಂಟೆ ಆದ್ರೂ ಸರಿ, ಊಟ ತಣ್ಣಗಾದ್ರೂ ಸರಿ. ಅದರಿಂದ ದೊಡ್ಡ ಮನುಷ್ಯ ಆಗಿಬಿಟ್ಟೆ ಅಂತೇನಲ್ಲ. ಮೊನ್ನೆ ಅಮ್ಮ ಫೋನಿನಲ್ಲಿ, ಆ ರಕ್ತ ಪರೀಕ್ಷೆ ಮಾಡಿಸ್ಕೊಂಡ್ಯೇನೋ ಅಂತ ಕೇಳಿದ್ದಕ್ಕೆ "ಬೇಸಿಕಲಿ..." ಅಂತ ಶುರು ಮಾಡಿದ್ದೆ. ಅಲ್ಲಿಗೇ ನಿಲ್ಲಿಸಿ, ಇಲ್ಲಮ್ಮ, ಮಾಡಿಸಿಲ್ಲ ಅಂದೆ. ಬೈಸ್ಕೊಂಡೆ. ನಾಳೆ ಹೋಗಬೇಕು.

ಸಿನೆಮಾ ಸಿಕ್ಕಿದ್ರೆ ನೋಡಿ. ಎರಡೂ ಕೊನೆಗಳನ್ನ ನೋಡಿ, ಯಾವುದು ಇಷ್ಟವಾಯ್ತು ಅಂತ ಹೇಳಿ. ಮಕ್ಕಳ ಜೊತೆ ಬೇಡ, ತಲೆಗಳು ತುಂಬಾ ಹಾರ್ತವೆ. ಜೊತೆಗೆ ಹಲಸಿನ ಹಪ್ಪಳ ಇದ್ರೆ ಒಳ್ಳೇದು :-)